ಸಣ್ಣ ಉದ್ದಿಮೆಯ ಜಾಹೀರಾತಿಗೂ ಎದೆಗಾರಿಕೆ ಬೇಕು

ಮಾನ್ಯ ಸಂಪಾದಕರೇ,

ಸಣ್ಣ ಉದ್ದಿಮೆದಾರರು ಪ್ರಚಾರದಲ್ಲಿ ಹೊಸ ಪ್ರಯೋಗಗಳಿಗೆ ಕೈಹಾಕಬಾರದು, ಅದು ದೊಡ್ಡ ಬಂಡವಾಳವಿದ್ದವರಿಗೆ ಮಾತ್ರ ಸಲ್ಲುವ ಸಾಹಸ ಎಂಬ ಅಭಿಪ್ರಾಯ ನಿಮ್ಮ ವಾಣಿಜ್ಯ ಪುಟದಲ್ಲಿ ಈಚೆಗೆ ಪ್ರಕಟವಾಗಿತ್ತು. ಹದಿನೆಂಟು ವರ್ಷಗಳಿಂದ ಸಣ್ಣ ಅಂಗಡಿ, ಕಾರ್ಯಾಗಾರಗಳಿಗೆ ಕರಪತ್ರ, ನಾಮಫಲಕ ಮತ್ತು ಪತ್ರಿಕಾ ಜಾಹೀರಾತುಗಳನ್ನು ಬರೆದುಕೊಡುವುದನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಆ ಮಾತಿನ ಹಿಂದಿರುವ ಕಾಳಜಿ ಅರ್ಥವಾಗುತ್ತದೆ. ಬಾಡಿಗೆ, ಸಂಬಳ, ಸಾಲದ ಕಂತುಗಳನ್ನೆಲ್ಲ ಕಳೆದು ಪ್ರಚಾರಕ್ಕೆಂದು ತೆಗೆದಿಟ್ಟ ಅಲ್ಪ ಮೊತ್ತ ಪೋಲಾದಾಗ ಆಗುವ ನೋವನ್ನು ಹತ್ತಿರದಿಂದ ಕಂಡಿದ್ದೇನೆ. ಆದರೂ ಆ ಅಭಿಪ್ರಾಯವನ್ನು ಒಪ್ಪಲು ನನ್ನಿಂದಾಗದು. ಯಾರ ಕಣ್ಣಿಗೂ ಬೀಳದೆ ಹೋಗುವ ಜಾಹೀರಾತಿಗಿಂತ ದುಬಾರಿಯಾದದ್ದು ಸಣ್ಣ ಉದ್ದಿಮೆಗೆ ಬೇರೊಂದಿಲ್ಲ.

ಬೇಕಾದರೆ ಕೈಗೆ ಸಿಕ್ಕ ನಾಲ್ಕು ಕರಪತ್ರಗಳನ್ನು ಮೇಜಿನ ಮೇಲೆ ಹರಡಿ, ಮೇಲ್ಭಾಗದಲ್ಲಿರುವ ಹೆಸರುಗಳನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಬಹುದು. ‘ಗುಣಮಟ್ಟವೇ ನಮ್ಮ ಧ್ಯೇಯ’, ‘ಗ್ರಾಹಕರ ಸಂತೃಪ್ತಿಯೇ ನಮ್ಮ ಗುರಿ’, ‘ಒಮ್ಮೆ ಭೇಟಿ ಕೊಡಿ’ ಎಂಬ ಅವೇ ಸಾಲುಗಳು, ಅದೇ ಕೈಕುಲುಕುವ ಚಿತ್ರ, ನಕ್ಷತ್ರದ ಆಕಾರದೊಳಗೆ ಅದೇ ರಿಯಾಯಿತಿ. ಯಾವುದು ಯಾರದೆಂದು ಹೇಳುವುದು ಅಚ್ಚು ಹಾಕಿಸಿದವರಿಗೂ ಕಷ್ಟವಾಗುತ್ತದೆ. ಗುಂಪಿನಲ್ಲಿ ಗೋವಿಂದ ಎಂದವರಲ್ಲಿ ಯಾರ ದನಿಯೂ ಬೇರೆಯಾಗಿ ಕೇಳಿಸುವುದಿಲ್ಲ. ಇಂಥ ಜಾಹೀರಾತಿಗೆ ಸುರಿದ ಹಣ ಮರಳದಿದ್ದಾಗ ‘ಈಗ ವ್ಯಾಪಾರವೇ ಡಲ್ಲಾಗಿದೆ’ ಎನ್ನುತ್ತಾರೆ. ಹೊಸದೊಂದನ್ನು ಮಾಡಿ ಸೋತಾಗ ಮಾತ್ರ ‘ಕೈ ಸುಟ್ಟುಕೊಂಡೆವು’ ಎನ್ನುತ್ತಾರೆ. ಎರಡೂ ನಷ್ಟವೇ ಆಗಿದ್ದರೂ ಮೊದಲನೆಯದಕ್ಕೆ ಯಾರೂ ಬೈಯುವುದಿಲ್ಲವಾದ್ದರಿಂದ ಅದು ಲೆಕ್ಕಕ್ಕೇ ಸಿಗದೆ ವರ್ಷವರ್ಷವೂ ನಡೆದುಕೊಂಡು ಹೋಗುತ್ತದೆ.

ಒಂದೇ ಬಗೆಯ ಸಂಗತಿಗಳ ಸಾಲಿನಲ್ಲಿ ಬೇರೆಯಾಗಿ ನಿಲ್ಲುವಂಥದ್ದು ನೆನಪಿನಲ್ಲಿ ಹೆಚ್ಚಾಗಿ ಉಳಿಯುತ್ತದೆ ಎಂಬುದನ್ನು ಹೆಡ್ವಿಗ್ ಫಾನ್ ರೆಸ್ಟೋರ್ಫ್ ಎಂಬ ಜರ್ಮನ್ ಸಂಶೋಧಕಿ 1933ರಲ್ಲೇ ತೋರಿಸಿಕೊಟ್ಟರು. ಮತ್ತೆ ಮತ್ತೆ ಕಂಡದ್ದರ ಬಗ್ಗೆ ಮನುಷ್ಯರಿಗೆ ತಾನಾಗಿಯೇ ಒಲವು ಬೆಳೆಯುತ್ತದೆ ಎಂಬುದನ್ನು ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ 1968ರಲ್ಲಿ ಪ್ರತಿಪಾದಿಸಿದರು. ಮೇಲುನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧವೆನಿಸಿದರೂ ನನ್ನ ಕಸುಬಿನಲ್ಲಿ ಇವನ್ನು ಜೊತೆಯಾಗಿಯೇ ಬಳಸುತ್ತೇವೆ. ಹೆಸರು, ಬಣ್ಣ, ಅಕ್ಷರದ ಶೈಲಿ, ಮಾತಿನ ಧಾಟಿ ಬದಲಾಗದೆ ಉಳಿಯಬೇಕು; ಆ ಸಲ ಹೇಳುವ ವಿಷಯ ಮತ್ತು ಹೇಳುವ ಬಗೆ ಮಾತ್ರ ಓದುಗನನ್ನು ತಡೆದು ನಿಲ್ಲಿಸುವಂತಿರಬೇಕು. ಪ್ರಯೋಗವೆಂದರೆ ಪ್ರತಿ ತಿಂಗಳೂ ಬೋರ್ಡಿನ ಬಣ್ಣ ಬದಲಿಸುವುದು ಎಂದು ತಿಳಿದವರು ಹಳೆಯ ಗುರುತನ್ನೂ ಕಳೆದುಕೊಂಡು, ಹೊಸದನ್ನೂ ಗಳಿಸದೆ ಉಳಿಯುತ್ತಾರೆ.

ಪ್ರಯೋಗಕ್ಕೆ ದೊಡ್ಡ ಗಂಟು ಬೇಕೆಂಬ ನಂಬಿಕೆಯೂ ಸರಿಯಲ್ಲ. 1959ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗಾಗಿ ಡಾಯ್ಲ್ ಡೇನ್ ಬರ್ನ್‌ಬಾಕ್ ಎಂಬ ಪ್ರಚಾರ ಸಂಸ್ಥೆಯವರು ರೂಪಿಸಿದ ಪ್ರಸಿದ್ಧ ಜಾಹೀರಾತಿನಲ್ಲಿ ಪುಟದ ಬಹುಭಾಗ ಖಾಲಿಯಾಗಿತ್ತು. ಒಂದು ಮೂಲೆಯತ್ತ ಪುಟ್ಟ ಕಾರು, ಕೆಳಗೆ ‘ಚಿಕ್ಕದಾಗಿ ಯೋಚಿಸಿ’ ಎಂಬರ್ಥದ ಎರಡೇ ಪದಗಳ ಶೀರ್ಷಿಕೆ. ಕೊಂಡ ಜಾಗವನ್ನೆಲ್ಲ ತುಂಬಿಸಲೇಬೇಕೆಂಬ ಆಸೆಯನ್ನು ಬಿಟ್ಟುಕೊಟ್ಟದ್ದೇ ಅಲ್ಲಿನ ಸಾಹಸ, ಅದಕ್ಕೆ ಮೇಲಿನ ಖರ್ಚೇನೂ ಇರಲಿಲ್ಲ. ಅದೇ ಕಾರಿನ ಇನ್ನೊಂದು ಜಾಹೀರಾತಿನ ಶೀರ್ಷಿಕೆ ‘ಲೆಮನ್’. ಇಂಗ್ಲಿಷಿನ ಆಡುಮಾತಿನಲ್ಲಿ ದೋಷವಿರುವ ವಾಹನಕ್ಕೆ ಹಾಗೆನ್ನುತ್ತಾರೆ. ತನ್ನದೇ ಸರಕನ್ನು ಹಾಗೆ ಕರೆದ ಕಂಪನಿ, ಕೆಳಗಿನ ಸಾಲುಗಳಲ್ಲಿ ಅದರ ಕಾರಣ ಕೊಟ್ಟಿತ್ತು: ಮುಂಭಾಗದ ಚಿಕ್ಕ ಖಾನೆಯ ಲೋಹದ ಪಟ್ಟಿಯ ಮೇಲೆ ಕಲೆಯಿದ್ದುದರಿಂದ ತಪಾಸಣೆಗಾರರು ಆ ಕಾರನ್ನು ಹೊರಗೆ ಬಿಟ್ಟಿರಲಿಲ್ಲ. ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂದು ನೂರು ಸಲ ಬರೆದರೂ ಹುಟ್ಟದ ನಂಬಿಕೆಯನ್ನು ಆ ಒಂದು ಕಲೆ ಹುಟ್ಟಿಸಿತು. 1962ರಲ್ಲಿ ಬಾಡಿಗೆ ಕಾರುಗಳ ಏವಿಸ್ ಸಂಸ್ಥೆ ‘ನಾವು ಎರಡನೆಯವರು, ಆದ್ದರಿಂದ ಹೆಚ್ಚು ಶ್ರಮಪಡುತ್ತೇವೆ’ ಎಂದು ಬಹಿರಂಗವಾಗಿ ಹೇಳಿಕೊಂಡದ್ದೂ ಇದೇ ಜಾತಿಯ ಧೈರ್ಯ. ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಟೌನ್‌ಸೆಂಡ್, ಜಾಹೀರಾತನ್ನು ಒಪ್ಪುವುದು ಅಥವಾ ತಿರಸ್ಕರಿಸುವುದು ಮಾತ್ರ ತಮ್ಮ ಕೆಲಸ, ಅದನ್ನು ತಿದ್ದುವುದಲ್ಲ ಎಂಬ ಕಟ್ಟುಪಾಡಿಗೆ ಒಳಪಟ್ಟಿದ್ದರು. ಹತ್ತು ಜನ ಹತ್ತು ಕಡೆಯಿಂದ ತಿದ್ದಿದರೆ ಎಂಥ ಹರಿತವಾದ ಮಾತೂ ಮೊಂಡಾಗುತ್ತದೆ. ಒಂದೇ ಮೇಜಿನ ಮುಂದೆ ಕುಳಿತು ಹೌದು, ಅಲ್ಲ ಎನ್ನಬಲ್ಲ ಸಣ್ಣ ಉದ್ದಿಮೆದಾರರಿಗೆ ಈ ವಿಷಯದಲ್ಲಿ ದೊಡ್ಡ ಕಂಪನಿಗಳಿಗಿಂತ ಅನುಕೂಲ ಹೆಚ್ಚು, ಮತ್ತು ಆ ಅನುಕೂಲವನ್ನು ಅವರು ಬಳಸಿಕೊಳ್ಳದಿರುವುದು ನನ್ನನ್ನು ಬಹಳ ಕಾಡುತ್ತದೆ.

ಹೊಸ ಕಲ್ಪನೆಗಳನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಕೆಲಸದ ಜಾಗದಲ್ಲೇ ಬಿದ್ದಿರುತ್ತದೆ. ಅಮೆರಿಕದ ಬ್ಲೆಂಡ್‌ಟೆಕ್ ಎಂಬ ಮಿಕ್ಸರ್ ತಯಾರಕರು ತಮ್ಮ ಯಂತ್ರದ ಶಕ್ತಿಯನ್ನು ಪರೀಕ್ಷಿಸಲು ಒಳಗೊಳಗೇ ಮರದ ತುಂಡುಗಳನ್ನು ಅರೆಯುತ್ತಿದ್ದರು. ಅದನ್ನು ಕಂಡ ಪ್ರಚಾರ ವಿಭಾಗದವರು 2006ರಲ್ಲಿ ಸುಮಾರು 50 ಡಾಲರ್ ಸಾಮಗ್ರಿಯಿಂದ ಗೋಲಿ ಮುಂತಾದವನ್ನು ಅರೆಯುವ ಕಿರು ವಿಡಿಯೊಗಳನ್ನು ತೆಗೆದು ಯೂಟ್ಯೂಬ್‌ಗೆ ಹಾಕಿದರು. ಅಲ್ಲಿಯವರೆಗೆ ಹೆಚ್ಚಿನವರಿಗೆ ಹೆಸರೇ ತಿಳಿಯದಿದ್ದ ಯಂತ್ರವನ್ನು ಲಕ್ಷಾಂತರ ಜನ ನೋಡಿದರು.

ನನ್ನ ಅನುಭವದ ಒಂದು ಪ್ರಸಂಗವನ್ನು ಇಲ್ಲಿ ಹೇಳಬಯಸುತ್ತೇನೆ. ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರು ಕರಪತ್ರ ಬರೆಸಲು ಬಂದಿದ್ದರು. ವಿಷಯ ಅರಿಯಲೆಂದು ನಾನು ಅವರ ಕೆಲಸದ ಜಾಗಕ್ಕೆ ಹೋದಾಗ ಮೇಜಿನ ಕೆಳಗೆ ಒಂದು ತಗಡಿನ ಡಬ್ಬಿ ಕಂಡಿತು. ಅದರಲ್ಲಿ ಅವರು ಬದಲಿಸಿದ ಹಳೆಯ ಬಿಡಿಭಾಗಗಳಿದ್ದವು: ಹಲ್ಲು ಸವೆದ ಗೇರು, ಬಾಗಿದ ಸೂಜಿಕಂಬಿ, ಅಂಚು ಹೋದ ಬಾಬಿನ್ ಕೇಸು. ಒಂದೊಂದಕ್ಕೂ ದಾರದಿಂದ ಚೀಟಿ ಕಟ್ಟಿ, ತಾರೀಕು ಮತ್ತು ಯಂತ್ರದ ಗುರುತನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ಗಿರಾಕಿ ಕೇಳಿದರೆ ತೋರಿಸಬೇಕಲ್ಲ ಎಂಬುದು ಅವರ ಸಹಜ ಉತ್ತರವಾಗಿತ್ತು. ನಾನು ಆ ಡಬ್ಬಿಯ ಫೋಟೊ ತೆಗೆದು ಅದರ ಕೆಳಗೆ ‘ಇವು ಸವೆದಿದ್ದವು. ಮಿಕ್ಕಿದ್ದನ್ನು ನಾವು ಮುಟ್ಟಲಿಲ್ಲ’ ಎಂದು ಮಾತ್ರ ಬರೆದೆ. ಅವರು ಬಹಳ ಹೊತ್ತು ನೋಡಿ, “ತುಕ್ಕು ಹಿಡಿದ ಸಾಮಾನು ತೋರಿಸಿದರೆ ಜನ ಏನೆಂದುಕೊಳ್ಳುತ್ತಾರೆ ಸಾರ್?” ಎಂದರು. ಕೊನೆಗೆ ಅರ್ಧ ಕರಪತ್ರಗಳನ್ನು ಅವರು ಬಯಸಿದ ಹಳೆಯ ಧಾಟಿಯಲ್ಲೂ, ಇನ್ನರ್ಧವನ್ನು ಡಬ್ಬಿಯ ಚಿತ್ರದೊಂದಿಗೂ ಅಚ್ಚು ಹಾಕಿಸಿ, ಕರಪತ್ರ ತಂದವರಿಗೆ ಯಂತ್ರಕ್ಕೆ ಎಣ್ಣೆ ಹಾಕಿಕೊಡುವುದು ಉಚಿತವೆಂದು ಎರಡರಲ್ಲೂ ಸೇರಿಸಿದೆವು. ಡಬ್ಬಿಯ ಚಿತ್ರವಿದ್ದ ಕರಪತ್ರಗಳೇ ಹೆಚ್ಚು ಮರಳಿ ಬಂದವು. ಅದಕ್ಕಿಂತ ಮುಖ್ಯವಾಗಿ, ಬಂದವರಲ್ಲಿ ಹಲವರು ಆ ಡಬ್ಬಿಯನ್ನು ನೋಡಬಯಸಿದರು. ಈಗ ಅದು ಮೇಜಿನ ಮೇಲೆ ಇದೆ.

ಎಲ್ಲವೂ ಹೀಗೆ ಕೈಗೂಡುವುದಿಲ್ಲ. ಇನ್ನೊಬ್ಬರಿಗಾಗಿ ನಾನು ಇಡೀ ಹಾಳೆಯನ್ನು ಖಾಲಿ ಬಿಟ್ಟು ನಡುವೆ ಫೋನ್ ನಂಬರನ್ನಷ್ಟೇ ಹಾಕಿಸಿದ್ದೆ. ಅದನ್ನು ಜನ ಅಚ್ಚಿನ ತಪ್ಪೆಂದು ಭಾವಿಸಿದರು, ಒಂದು ಕರೆಯೂ ಬರಲಿಲ್ಲ. ಅದು ನನ್ನದೇ ತಪ್ಪು. ಹೊಸತನವಿತ್ತು, ಆದರೆ ಓದುವವರಿಗೆ ಹೇಳಬೇಕಾದ ಸಂಗತಿಯೇ ಅದರಲ್ಲಿರಲಿಲ್ಲ. ಮೊದಲ ಕಂತಿನಲ್ಲಿ ಕೆಲವೇ ನೂರು ಪ್ರತಿ ಹಾಕಿಸಿದ್ದರಿಂದ ನಷ್ಟ ಅಲ್ಲಿಗೇ ನಿಂತಿತು. ಅಂದಿನಿಂದ, ಪ್ರಚಾರದ ಹಣದಲ್ಲಿ ಹೋದರೂ ವ್ಯವಹಾರಕ್ಕೆ ಧಕ್ಕೆಯಾಗದಷ್ಟು ಪಾಲನ್ನು ಮಾತ್ರ ಪ್ರಯೋಗಕ್ಕೆ ಇಟ್ಟುಕೊಳ್ಳಿ ಎಂದೇ ಎಲ್ಲರಿಗೂ ಹೇಳುತ್ತೇನೆ. ಕೂಪನ್‌ಗಳಿಗೆ ಬೇರೆ ಬೇರೆ ಗುರುತು ಹಾಕಿ ಯಾವ ಜಾಹೀರಾತು ಫಲ ಕೊಟ್ಟಿತೆಂದು ಎಣಿಸುವ ಕ್ರಮವನ್ನು ಅಮೆರಿಕದ ಜಾಹೀರಾತು ಬರಹಗಾರ ಕ್ಲಾಡ್ ಹಾಪ್ಕಿನ್ಸ್ ಅವರಂಥವರು ನೂರು ವರ್ಷಗಳ ಹಿಂದೆಯೇ ರೂಢಿಸಿದ್ದರು. ಇವತ್ತು ಮೊಬೈಲಿನಲ್ಲಿ ಅದು ಇನ್ನೂ ಸುಲಭ.

ನಿಮ್ಮ ಪುಟದಲ್ಲಿ ಪ್ರಕಟವಾದ ಎಚ್ಚರಿಕೆಯ ಮಾತು ನಿಜವಾಗಿ ಸಲ್ಲಬೇಕಾದದ್ದು ಬೇರೊಂದು ಬಗೆಯ ಸಾಹಸಕ್ಕೆ. 1992ರಲ್ಲಿ ಬ್ರಿಟನ್ನಿನಲ್ಲಿ ಮನೆಬಳಕೆ ಯಂತ್ರಗಳ ಹೂವರ್ ಸಂಸ್ಥೆ, 100 ಪೌಂಡ್ ಬೆಲೆಯ ಸಾಮಾನು ಕೊಂಡವರಿಗೆ ವಿಮಾನದ ಎರಡು ಟಿಕೆಟ್ ಉಚಿತವೆಂದು ಘೋಷಿಸಿತು. ಸಾಮಾನಿಗಿಂತ ಟಿಕೆಟ್ಟೇ ದುಬಾರಿಯಾಗಿದ್ದರಿಂದ ಜನ ಮುಗಿಬಿದ್ದರು. ಕೊಟ್ಟ ಮಾತು ಉಳಿಸಿಕೊಳ್ಳಲಾಗದೆ ಸಂಸ್ಥೆ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅದು ಕಲ್ಪನೆಯ ಸೋಲಾಗಿರಲಿಲ್ಲ. ಲೆಕ್ಕ ಹಾಕದೆ ಕೊಟ್ಟ ಭರವಸೆ ಸಂಸ್ಥೆಯನ್ನು ಅಲ್ಲಿಗೆ ತಂದಿತ್ತು. ಮಾತಿನಲ್ಲಿ, ಚಿತ್ರದಲ್ಲಿ ಎಷ್ಟು ಧೈರ್ಯ ತೋರಿದರೂ ನಡೆಯುತ್ತದೆ, ಭರವಸೆಯಲ್ಲಿ ಮಾತ್ರ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಇನ್ನೊಬ್ಬರ ದುಃಖವನ್ನೋ ದೇಹದ ಊನವನ್ನೋ ಗಮನ ಸೆಳೆಯುವ ಸಾಧನ ಮಾಡಿಕೊಳ್ಳುವುದನ್ನು ನಾನು ಸೃಜನಶೀಲತೆಯೆಂದು ಪರಿಗಣಿಸುವುದೇ ಇಲ್ಲ.

ಈ ಪತ್ರ ಬರೆಯಲು ಇನ್ನೊಂದು ಕಾರಣವೂ ಇದೆ. ಪತ್ರಿಕೆಗಳ ಜಾಹೀರಾತು ವಿಭಾಗಗಳೂ ಈ ಏಕತಾನತೆಗೆ ಕಾರಣವಾಗುತ್ತಿವೆ. ಒಂದು ಪತ್ರಿಕೆಗೆ ನಾನು ಕಳುಹಿಸಿದ ಎರಡು ಸಾಲಿನ ಜಾಹೀರಾತಿನ ಸುತ್ತಲಿನ ಬಿಳಿ ಜಾಗವನ್ನು, ಅದಕ್ಕೂ ಹಣ ಪಾವತಿಸಿದ್ದರೂ, ನನ್ನನ್ನು ಕೇಳದೆಯೇ ಹೂಬಳ್ಳಿಯ ಚೌಕಟ್ಟು ಮತ್ತು ‘ಇಂದೇ ಸಂಪರ್ಕಿಸಿ’ ಎಂಬ ಸಾಲಿನಿಂದ ತುಂಬಿದ್ದರು. ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದರು, ಸಂದೇಹವಿಲ್ಲ. ಆದರೆ ಆ ಜಾಹೀರಾತಿನಲ್ಲಿ ಬೇರೆಯಾಗಿ ಕಾಣುತ್ತಿದ್ದುದು ಆ ಬಿಳಿ ಜಾಗವೊಂದೇ.

ತಮ್ಮ ಪತ್ರಿಕೆಯಲ್ಲಿ ಎರಡು ಸಣ್ಣ ಬದಲಾವಣೆಗಳನ್ನು ತರುವ ಬಗ್ಗೆ ಯೋಚಿಸಬೇಕೆಂದು ವಿನಂತಿಸುತ್ತೇನೆ. ಜಾಹೀರಾತುದಾರರು ಖಾಲಿ ಬಿಟ್ಟ ಜಾಗವನ್ನು ಅವರ ಒಪ್ಪಿಗೆಯಿಲ್ಲದೆ ತುಂಬಬಾರದು. ಮೂರು ಬಾರಿ ಪ್ರಕಟಿಸುವ ಕೊಡುಗೆಯಡಿ ಈಗ ಒಂದೇ ಒಕ್ಕಣೆಯನ್ನು ಮೂರೂ ಸಲ ಹಾಕಬೇಕೆಂಬ ನಿಯಮವಿದೆ. ಅಳತೆ ಅಷ್ಟೇ ಇರುವುದಾದರೆ ಅದೇ ದರದಲ್ಲಿ ಮೂರು ಬೇರೆ ಬೇರೆ ಒಕ್ಕಣೆಗಳಿಗೆ ಅವಕಾಶ ಕೊಡಬೇಕು. ಹಾಗಾದರೆ ಸಣ್ಣ ಉದ್ದಿಮೆದಾರರು ಮೊದಲ ವಾರ ಒಂದನ್ನು, ಎರಡನೆಯ ವಾರ ಇನ್ನೊಂದನ್ನು ಹಾಕಿ, ಯಾವುದಕ್ಕೆ ಕರೆಗಳು ಹೆಚ್ಚು ಬಂದವೆಂದು ನೋಡಿಕೊಂಡು ಮೂರನೆಯ ವಾರದ ಒಕ್ಕಣೆಯನ್ನು ಬರೆಯಬಹುದು. ಇದಕ್ಕೆ ತಮ್ಮ ವಿಭಾಗ ಒಪ್ಪುವುದಾದರೆ ಮೊದಲ ಎರಡು ಒಕ್ಕಣೆಗಳನ್ನು ಕಳುಹಿಸಲು ಆ ಹೊಲಿಗೆ ಯಂತ್ರದ ಹಿರಿಯರು ಈಗಾಗಲೇ ಸಿದ್ಧರಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಜಾಹೀರಾತು ಬರಹಗಾರ