ಮಹಡಿ ಬಸ್ಸಿನ ಮುಂದಿನ ಸೀಟು

ಪ್ರಿಯ ಲೇಖಕಿಗೆ,

ನಿಮ್ಮ ತಾಯಿಯವರು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಕಳೆದ ಬಾಲ್ಯದ ಬಗ್ಗೆ ನೀವು ಬರೆದ ಅಧ್ಯಾಯ ತಲುಪಿತು. ನಾನೂ ಅದೇ ಊರಿನ ಬಸ್ಸುಗಳಲ್ಲಿ ಓಡಾಡಿ ಬೆಳೆದವನಾದ್ದರಿಂದ ಮೊದಲ ಪುಟದಲ್ಲೇ ತಕರಾರು ತೆಗೆಯುತ್ತಿದ್ದೇನೆ, ಬೇಸರಿಸಬೇಡಿ. ನಿಮ್ಮ ಬಸ್ಸು ಕೆಂಪಗಿದೆ. ಕೆಂಪು ಲಂಡನ್ನಿನದು. ನಮ್ಮ ಕಾರ್ಪೊರೇಷನ್ ಬಸ್ಸುಗಳದ್ದು ಹಸಿರು, ಹಳದಿ. ಇಂಗ್ಲೆಂಡ್ ಎಂದರೆ ಓದುಗರ ಕಣ್ಣಮುಂದೆ ಕೆಂಪು ಬಸ್ಸೇ ಬರುತ್ತದೆ ಎಂದು ನೀವು ವಾದಿಸಬಹುದು. ಬರಲಿ, ಅದನ್ನು ಅಳಿಸುವುದೇ ನಿಮ್ಮ ಕೆಲಸ.

ಬಣ್ಣ ತಿದ್ದುವುದು ಸುಲಭ. ಕಷ್ಟದ್ದು ಬೇರೆ ಇದೆ. ನಿಮ್ಮ ಬರಹದಲ್ಲಿ ಬಸ್ಸು ಹತ್ತುವವಳು ಎಂಟು ವರ್ಷದ ಹುಡುಗಿ, ಹೊರಗೆ ನೋಡುವವರು ಮಾತ್ರ ನೀವು. 1968ರ ಏಪ್ರಿಲ್‌ನಲ್ಲಿ ಇನಾಕ್ ಪೊವೆಲ್ ವಲಸಿಗರ ವಿರುದ್ಧ ಮಾಡಿದ ಭಾಷಣ, ಅದರ ಹಿಂದುಮುಂದು ಎಲ್ಲವನ್ನೂ ಅವಳ ತಲೆಗೆ ತುಂಬಿದ್ದೀರಿ. ಪೊವೆಲ್ ಆಗ ಆ ಊರಿನ ಸಂಸದರೇ, ನಿಜ. ಸಿಖ್ ಬಸ್ ನೌಕರರ ಪೇಟದ ವಿವಾದ ನಡೆದದ್ದೂ ಅಲ್ಲಿಯೇ. 1967ರಲ್ಲಿ ಚಾಲಕ ತರ್ಸೇಮ್ ಸಿಂಗ್ ಸಂಧು ಗಡ್ಡ ಬಿಟ್ಟು, ಪೇಟ ಕಟ್ಟಿಕೊಂಡು ಕೆಲಸಕ್ಕೆ ಬಂದಾಗ ಅವರನ್ನು ಮನೆಗೆ ಕಳಿಸಿದರು. ನಿಷೇಧ ತೆರವಾಗಲು 1969ರ ಏಪ್ರಿಲ್ ಬರಬೇಕಾಯಿತು. ಆದರೆ ಮಗುವಿಗೆ ಕಂಡದ್ದು ಇಷ್ಟೇ ಇರಬಹುದು: ಸಂಜೆಪತ್ರಿಕೆ ಓದುತ್ತಿದ್ದ ಅಪ್ಪ, ಅಮ್ಮ ಬಂದೊಡನೆ ಅದನ್ನು ಮಡಚಿ ಕುರ್ಚಿಯ ಕೆಳಗೆ ತಳ್ಳಿದರು. ಇಸವಿಗಳೆಲ್ಲ ನಿಮಗೆ ಗೊತ್ತಿರಬೇಕು, ಅವಳಿಗಲ್ಲ.

ಅವಳನ್ನು ಮಹಡಿ ಹತ್ತಿಸಿ, ಮುಂದಿನ ಸೀಟಿನಲ್ಲಿ ಕೂರಿಸಿ. ಸಿಗರೇಟು ಸೇದುವವರ ಜಾಗವೂ ಅದೇ. ಹೊಗೆ ಹಿಡಿದು ಚಾವಣಿ ಹಳದಿಗಟ್ಟಿರುತ್ತಿತ್ತು. ನಮ್ಮ ಅಮ್ಮಂದಿರಿಗೆ ಆ ವಾಸನೆ ಆಗುತ್ತಿರಲಿಲ್ಲ, ಮಕ್ಕಳು ಹಠ ಮಾಡಿಯೇ ಮೇಲೆ ಹೋಗುತ್ತಿದ್ದುದು. ಬಿಳಿಯರ ಮನೆಗಳಿಗೆ ನಮಗೆ ಕರೆ ಬರುತ್ತಿದ್ದುದು ಅಪರೂಪ. ಆ ಮನೆಗಳ ಒಳಗೇನಿದೆ ಎಂದು ತಿಳಿಯುತ್ತಿದ್ದುದು ಮಹಡಿ ಬಸ್ಸಿನಿಂದ, ಅದೂ ನೇರ ಮಲಗುವ ಕೋಣೆಗೇ ಕಣ್ಣು. ಸರಿಪಡಿಸದ ಹಾಸಿಗೆ, ಮೂರು ಕನ್ನಡಿಗಳ ಡ್ರೆಸ್ಸಿಂಗ್ ಟೇಬಲ್, ಬನಿಯನ್ನಿನಲ್ಲಿ ಗಡ್ಡ ಹೆರೆಯುತ್ತಿರುವ ಗಂಡಸು. ಬಸ್ಸು ಸ್ಟಾಪಿನಲ್ಲಿ ನಿಂತಷ್ಟು ಹೊತ್ತು ನೋಡಬಹುದು. ಕಂಡಕ್ಟರ್ ಎರಡು ಸಲ ಗಂಟೆ ಬಾರಿಸಿದರೆ ಮುಗಿಯಿತು. ಇಂಗ್ಲಿಷರ ಬಗ್ಗೆ ನಾನು ಮೊದಲು ತಿಳಿದುಕೊಂಡದ್ದೆಲ್ಲ ಹೀಗೆ ಕದ್ದು ನೋಡಿ. ನಿಮ್ಮ ತಾಯಿ ಏನು ನೋಡಿದರು? ಅಧ್ಯಾಯದಲ್ಲಿ ಮಳೆ ಇದೆ, ಮಂಜು ಇದೆ, ಒಂದೇ ಒಂದು ಕಿಟಕಿ ಇಲ್ಲ.

ಮೇಲಿನ ತಂತಿಯ ವಿದ್ಯುತ್ತಿನಿಂದ ಓಡುತ್ತಿದ್ದ ಟ್ರಾಲಿಬಸ್ಸು ನೆನಪಿದೆಯೇ ಎಂದೂ ಅವರನ್ನು ಕೇಳಿ. ಡಡ್ಲಿ ಮಾರ್ಗದಲ್ಲಿ 1967ರ ಮಾರ್ಚ್‌ವರೆಗೆ ಓಡುತ್ತಿದ್ದವು, ಹತ್ತಿರ ಬಂದರೂ ಸದ್ದಿಲ್ಲ. ತಂತಿಯಿಂದ ಬಸ್ಸಿನ ಕಂಬಿ ಜಾರಿದರೆ ನಡುರಸ್ತೆಯಲ್ಲೇ ನಿಂತುಬಿಡುತ್ತಿತ್ತು. ಆಗ ಬಸ್ಸಿನ ಅಡಿಯಿಂದ ಉದ್ದನೆಯ ಬಿದಿರಿನ ಗಳವನ್ನು ಎಳೆದು, ಮಾವಿನಕಾಯಿ ಕೀಳುವ ದೋಟಿಯಂತೆ ಮೇಲೆತ್ತಿ, ಕಂಬಿಯನ್ನು ಮತ್ತೆ ತಂತಿಗೆ ಸೇರಿಸುತ್ತಿದ್ದರು. ಇನ್ನು ಗೈ ಕಂಪನಿಯ ಬಸ್ಸುಗಳು ತಯಾರಾಗುತ್ತಿದ್ದುದು ಆ ಊರಿನಲ್ಲಿಯೇ. ಅವುಗಳ ರೇಡಿಯೇಟರಿನ ಮೇಲೆ ಗರಿಮುಡಿ ತೊಟ್ಟ ರೆಡ್ ಇಂಡಿಯನ್ ನಾಯಕನ ತಲೆ ಇರುತ್ತಿತ್ತು. ಅವನು ನಮ್ಮ ಕಡೆಯವನೇ ಎಂದು ನನ್ನ ತಮ್ಮ ಬಹಳ ಕಾಲ ನಂಬಿದ್ದ.

ನಾಣ್ಯಗಳನ್ನೂ ತಿದ್ದಿ. 1971ರ ಫೆಬ್ರುವರಿಯವರೆಗೆ ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್. ಮಗುವಿನ ಅಂಗೈ ತುಂಬುವ ಕಂಚಿನ ಪೆನ್ನಿ, ಹನ್ನೆರಡು ಮೂಲೆಗಳ ಹಿತ್ತಾಳೆ ಬಣ್ಣದ ಮೂರು ಪೆನ್ನಿ: ಬಿಗಿಯಾಗಿ ಹಿಡಿದುಕೊಂಡರೆ ಕೈಗೆ ಅವುಗಳ ವಾಸನೆ ಅಂಟುತ್ತಿತ್ತು.

ಇನ್ನೊಂದು ಪ್ರಶ್ನೆ. ಟಿಕೆಟ್ ಕೇಳುತ್ತಿದ್ದವರು ಯಾರು? ಸೀರೆಯ ಮೇಲೆ ಕೋಟು ತೊಟ್ಟ ನಿಮ್ಮ ಅಜ್ಜಿ ಚಿಲ್ಲರೆ ಕೊಟ್ಟು ಸುಮ್ಮನಿರುತ್ತಿದ್ದರೇ, ಒಂದು ಫುಲ್ ಒಂದು ಹಾಫ್ ಎಂದು ಕಂಡಕ್ಟರಿಗೆ ಹೇಳುತ್ತಿದ್ದವಳು ಮಗಳೇ? ಹಾಗಿದ್ದರೆ ಅಧ್ಯಾಯ ಅಲ್ಲಿಂದಲೇ ಶುರುವಾಗಲಿ. ಈಗಿನ ಮೊದಲೆರಡು ಪುಟ ಹೋದರೂ ಚಿಂತೆಯಿಲ್ಲ. ತಿದ್ದಿದ ಪ್ರತಿಯನ್ನು ದಸರೆಯೊಳಗೆ ಕಳಿಸಿ, ಆಮೇಲೆ ನಾನು ಊರಿನಲ್ಲಿರುವುದಿಲ್ಲ.

ನಿಮ್ಮ ಹಿತೈಷಿ