ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ತಟ್ಟೆಯಲ್ಲೂ ಹೆಸರಿರಲಿ

ಸಂಪಾದಕರಿಗೆ,

ಮಾನ್ಯರೆ,

ನಮ್ಮ ಓಣಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಬೆಳಗಿನ ತಿಂಡಿ ಕೊಡಬೇಕೆಂದು ಹಳೇ ವಿದ್ಯಾರ್ಥಿಗಳು ಹಣ ಕೂಡಿಸಿದ್ದಾರೆ. ಒಳ್ಳೆಯ ಕೆಲಸ. ಹೋದ ತಿಂಗಳು ಪಾಲಕರ ಸಭೆ ಕರೆದು ತಿಂಡಿಯ ಪಟ್ಟಿಯನ್ನೂ ಓದಿದರು. ಸೋಮವಾರ ಉಪ್ಪಿಟ್ಟು, ಮಂಗಳವಾರ ಅವಲಕ್ಕಿ, ಬುಧವಾರ ಚಿತ್ರಾನ್ನ, ಗುರುವಾರ ಶಿರಾ, ಶುಕ್ರವಾರ ಚುರುಮುರಿ ಸುಸಲಾ, ಶನಿವಾರ ಮತ್ತೆ ಉಪ್ಪಿಟ್ಟು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಕೈ ಬರಲಿಲ್ಲ. ಆರು ದಿನದ ಆರು ತಿಂಡಿಯಲ್ಲಿ ಇರುವುದು ಗೋಧಿ ಮತ್ತು ಅಕ್ಕಿ ಎರಡೇ. ರೂಪ ಬೇರೆ ಬೇರೆ, ಅಷ್ಟೇ.

ನಾನು ಗದುಗಿನಲ್ಲಿ ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದವಳು. ಉಪ್ಪಿಟ್ಟನ್ನು ಹೇಗೆ ಹಿಗ್ಗಿಸಬಹುದು ಅನ್ನೋದು ನನಗೆ ಚೆನ್ನಾಗಿ ಗೊತ್ತು. ಒಂದು ಕಿಲೋ ರವೆಗೆ ಮೂರು ಲೀಟರ್ ನೀರು ಹಾಕಿದರೆ ಮೆತ್ತಗಿನ ಉಪ್ಪಿಟ್ಟು ಆಗುತ್ತದೆ. ನಾಲ್ಕಕ್ಕೂ ಜಾಸ್ತಿ ಹಾಕಿದರೆ ಅದೇ ರವೆಯಲ್ಲಿ ಇನ್ನಷ್ಟು ಜನರಿಗೆ ಬಡಿಸಬಹುದು. ತಟ್ಟೆ ತುಂಬಿ ಕಾಣುತ್ತದೆ. ಒಂದು ತಾಸಿಗೆ ಮತ್ತೆ ಹಸಿವು. ಗಿರಾಕಿ ಜಾಸ್ತಿ ಬಂದ ದಿನ ನಾನೂ ಹಾಗೆ ಮಾಡಿದ್ದೇನೆ, ಸುಳ್ಳೇಕೆ ಹೇಳಲಿ. ಆದರೆ ನನ್ನ ಗಿರಾಕಿ ದೊಡ್ಡವರು, ಹಸಿವಾದರೆ ಹೊರಗೆ ಹೋಗಿ ಮಿರ್ಚಿ ತಿನ್ನುತ್ತಿದ್ದರು. ಮೂರನೇ ಇಯತ್ತೆ ಓದುವ ನನ್ನ ಮೊಮ್ಮಗ ಗಣಿತದ ಕ್ಲಾಸಿನಲ್ಲಿ ಕೂತು ಎಲ್ಲಿಗೆ ಹೋಗಬೇಕು?

ಅದಕ್ಕೇ ಸಭೆಯಲ್ಲಿ ಎದ್ದು ಕೇಳಿದೆ, ಒಂದು ಮಗುವಿಗೆ ಎಷ್ಟು ಗ್ರಾಂ ರವೆ, ಎಷ್ಟು ಬೇಳೆ, ಎಷ್ಟು ಎಣ್ಣೆ ಅಂತ. "ಅಮ್ಮಾರ, ಉಪ್ಪಿಟ್ಟು ಅಂತ ಬರದೀವಲ್ರಿ" ಅಂದರು ಒಬ್ಬ ಹಿರಿಯರು. ಅದೇ ನೋಡಿ ತೊಂದರೆ. ಉಪ್ಪಿಟ್ಟು ಅನ್ನೋದು ಹೆಸರು, ಅಳತೆಯಲ್ಲ.

ಮಧ್ಯಾಹ್ನದ ಬಿಸಿಯೂಟಕ್ಕೆ ಅಳತೆ ಇದೆ. ಐದನೇ ತರಗತಿವರೆಗಿನ ಒಂದು ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಆರರಿಂದ ಎಂಟನೇ ತರಗತಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಎಲ್ಲ ತೂಕವೂ ಬೇಯಿಸುವ ಮೊದಲಿನದು, ಅದೇ ಮುಖ್ಯ. ಬೇಯಿಸಿದ ಮೇಲೆ ತೂಗಿದರೆ ನೀರನ್ನೇ ತೂಗಿದಂತೆ. ತಮಿಳುನಾಡಿನಲ್ಲಿ 2022ರ ಸೆಪ್ಟೆಂಬರ್ 15ರಂದು ಶಾಲೆಯ ತಿಂಡಿ ಶುರುವಾದಾಗ ಅಲ್ಲಿಯವರೂ ಹೀಗೇ ಅಳತೆ ಇಟ್ಟುಕೊಂಡರು. ಮಗುವಿಗೆ 50 ಗ್ರಾಂ ರವೆ, ಅಕ್ಕಿ ಅಥವಾ ಸಿರಿಧಾನ್ಯ, ಜೊತೆಗೆ ಸಾಂಬಾರಿಗೆ 15 ಗ್ರಾಂ ಬೇಳೆ.

ಪಿಯುಸಿ ಓದುವ ಮೊಮ್ಮಗಳನ್ನು ಕೂರಿಸಿಕೊಂಡು ನಮ್ಮ ಉಪ್ಪಿಟ್ಟಿನ ಲೆಕ್ಕ ಹಾಕಿಸಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರ ಆಹಾರದ ಕೋಷ್ಟಕ ಅವಳ ಮೊಬೈಲಿನಲ್ಲೇ ಸಿಕ್ಕಿತು. ಬರೀ 50 ಗ್ರಾಂ ರವೆಯಿಂದ ಸಿಗುವುದು ಐದಾರು ಗ್ರಾಂ ಪ್ರೋಟೀನ್. ಅದಕ್ಕೇ 15 ಗ್ರಾಂ ಹೆಸರುಬೇಳೆ, 10 ಗ್ರಾಂ ಶೇಂಗಾ ಸೇರಿಸಿದರೆ ಹನ್ನೊಂದು, ಹನ್ನೆರಡು ಗ್ರಾಂ ಆಗುತ್ತದೆ. ಅಂದರೆ ಎರಡು ಪಟ್ಟು! ನಮ್ಮ ಶಾಲೆಯ 120 ಮಕ್ಕಳಿಗೆ ದಿನಕ್ಕೆ ಒಂದು ಕಿಲೋ 800 ಗ್ರಾಂ ಬೇಳೆ, ಒಂದು ಕಿಲೋ 200 ಗ್ರಾಂ ಶೇಂಗಾ ಸಾಕು. ರವೆಗಿಂತ ಬೇಳೆ ದುಬಾರಿ, ಗೊತ್ತು. ಗುರುವಾರದ ಶಿರಾ ಬಿಟ್ಟರೆ ಅದರ ತುಪ್ಪ, ಸಕ್ಕರೆಯ ದುಡ್ಡು ಇಲ್ಲಿಗೆ ಬರುತ್ತದೆ. ಶಿರಾ ಹಬ್ಬಕ್ಕೆ ಇರಲಿ.

ಇನ್ನೊಂದು ಮಾತು ಹೇಳದೆ ಇರಲಾರೆ. ಹೆಸರುಕಾಳು ನಮ್ಮ ಜಿಲ್ಲೆಗೇನು ಹೊಸದಾ? ಶ್ರಾವಣ ಬಂತೆಂದರೆ ರೋಣ, ನರಗುಂದದ ಕಡೆ ಹೊಲದ ತುಂಬ ಹೆಸರು ಬಿಡಿಸುವ ಹೆಣ್ಣುಮಕ್ಕಳೇ. ನಮ್ಮ ಓಣಿಯವರೂ ಕೂಲಿಗೆ ಹೋಗುತ್ತಾರೆ. ನಸುಕಿನಲ್ಲಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿದರೆ, ಮನೆಯಲ್ಲಿ ಮಕ್ಕಳು ತಾವೇ ಎದ್ದು ಚಹಾದಲ್ಲಿ ಚುರುಮುರಿ ಹಾಕಿಕೊಂಡು ತಿಂದು ಶಾಲೆಗೆ ಬರುತ್ತವೆ. ತಾಯಿ ದಿನವಿಡೀ ಬಿಡಿಸುವ ಕಾಳು ಮಗನ ತಟ್ಟೆಯಲ್ಲಿ ಹದಿನೈದು ಗ್ರಾಂ ಕೂಡ ಇಲ್ಲ. ದರ ಬಿದ್ದಾಗ ಬೆಂಬಲ ಬೆಲೆಗೆ ಖರೀದಿ ಕೇಂದ್ರ ತೆರೆಯಿರಿ ಅಂತ ರೈತರು ಕೂಗುತ್ತಾರೆ. ಅದರ ಒಂದಷ್ಟು ಚೀಲವನ್ನು ಪಕ್ಕದ ಶಾಲೆಗೇ ಕೊಂಡರೆ ಆಗದೇ?

ತಿಂಡಿಯೊಂದನ್ನೇ ಬೇರೆಯಾಗಿ ನೋಡಿದರೂ ಲೆಕ್ಕ ತಪ್ಪುತ್ತದೆ. 2013ರಿಂದ ಕ್ಷೀರಭಾಗ್ಯ ಇದೆ, ಮಗುವಿಗೆ 150 ಮಿಲಿಲೀಟರ್ ಹಾಲು. ಈಗೀಗ ಅದಕ್ಕೆ ರಾಗಿ ಮಾಲ್ಟ್ ಕೂಡ ಸೇರಿದೆ. ಹಾಲು, ಮಾಲ್ಟ್ ಎರಡೂ ಸಿಹಿ. ಅದರ ಮೇಲೆ ಶಿರಾ ಯಾಕೆ? ಮಧ್ಯಾಹ್ನ ಮೊಟ್ಟೆ ಇದೆ, ತಿನ್ನದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದ್ದರೆ, ಒಂದು ಬಾಳೆಹಣ್ಣಿನಲ್ಲಿ 1 ಗ್ರಾಂ. ನಮ್ಮ ಕಡೆ ಮೊಟ್ಟೆ ಮುಟ್ಟದ ಮನೆಗಳು ಬಹಳ. ಯಾರಿಗೂ ತಿನ್ನಿರಿ ಅನ್ನುವುದಿಲ್ಲ ನಾನು. ಆದರೆ ಆ ಮಕ್ಕಳಿಗೆ ಕಡಿಮೆ ಬಿದ್ದ 5 ಗ್ರಾಂ ಎಲ್ಲಿಂದ ಬರಬೇಕು? ಬೆಳಗಿನ ಕಾಳು, ಶೇಂಗಾದಿಂದಲೇ ಬರಬೇಕಲ್ವಾ? ಹಾಗಾಗಿ ಹಾಲು, ತಿಂಡಿ, ಊಟ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಬೇಕು. ಮಧ್ಯಾಹ್ನ ಚಿತ್ರಾನ್ನ ಇದ್ದ ದಿನ ಬೆಳಗ್ಗೆಯೂ ಚಿತ್ರಾನ್ನ ಆಗಬಾರದು.

ಜೋಳದ ಸುದ್ದಿಯೇ ಆ ಪಟ್ಟಿಯಲ್ಲಿ ಇಲ್ಲ. ನೂರಿಪ್ಪತ್ತು ಮಕ್ಕಳಿಗೆ ಬೆಳಗ್ಗೆ ರೊಟ್ಟಿ ಬಡಿಯಲು ಆಗಲ್ಲ, ಒಪ್ಪಿದೆ. ಜೋಳದ ನುಚ್ಚಿಗೆ ಏನಾಗಿದೆ? ರಾತ್ರಿ ನೆನೆಹಾಕಿದರೆ ಬೆಳಗ್ಗೆ ಬೇಗ ಬೇಯುತ್ತದೆ. ಬೇಸಿಗೆಯಲ್ಲಿ ಮಜ್ಜಿಗೆ, ಮಳೆಗಾಲದಲ್ಲಿ ಬಿಸಿ ಬೇಳೆಸಾರು, ಮೇಲೆ ಒಂದು ಚಮಚ ಶೇಂಗಾ ಚಟ್ನಿ ಅಥವಾ ಅಗಸಿ ಚಟ್ನಿ. ಸುಸಲಾ ಇರಲಿ, ಆದರೆ ಚುರುಮುರಿ ಬುಟ್ಟಿ ತುಂಬ ಕಂಡರೂ ತೂಕಕ್ಕೆ ಹಗುರ. ಅವತ್ತು ಪುಟಾಣಿ (ಹುರಿಗಡಲೆ) ಹಿಟ್ಟನ್ನು ಕೈ ಬಿಗಿ ಹಿಡಿಯದೆ ಹಾಕಬೇಕು. ಅವಲಕ್ಕಿಗೆ ಲಿಂಬೆಹಣ್ಣು ಸುಮ್ನೆ ರುಚಿಗಷ್ಟೇ ಅಲ್ಲ, ಕಾಳು, ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತಲು ಅದರ ಹುಳಿ ಬೇಕು. ಚಹಾ ಅದಕ್ಕೆ ಅಡ್ಡಿ. ತಿಂಡಿ ಜೊತೆ ಮಕ್ಕಳಿಗೆ ಚಹಾ ಕೊಡುವ ಮಾತು ಸಭೆಯಲ್ಲಿ ಬಂದಿತ್ತು, ದಯವಿಟ್ಟು ಬೇಡ.

ಬಾಯಿಮಾತಿಗೆ ಯಾರೂ ಒಪ್ಪಲಿಲ್ಲ. ಹೋದ ಶನಿವಾರ ಬೆಳಗಿನ ಶಾಲೆ ಇದ್ದಾಗ ನಾನೇ ಹೋಗಿ ಮಾಡಿದೆ. ರವೆ, ಹುರಿದ ಹೆಸರುಬೇಳೆ, ಗಜ್ಜರಿ, ಶೇಂಗಾ. ಒಬ್ಬ ಹುಡುಗಿ ಕರಿಬೇವನ್ನೆಲ್ಲ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ಆಮೇಲೆ ಶೇಂಗಾಬೀಜ ಒಂದೊಂದೇ ಆರಿಸಿ ತಿಂದಳು. ಆಮೇಲೆ ಉಪ್ಪಿಟ್ಟು. ಖಾಲಿ ತಟ್ಟೆ ಹಿಡಿದು ಬಂದು "ಆಯಿ, ಇನ್ನೊಂದೀಟು ಶೇಂಗಾ ಹಾಕ್ರಿ" ಅಂದಳು. ಬೋಗುಣಿಯಲ್ಲಿ ಉಪ್ಪಿಟ್ಟು ಉಳಿದಿತ್ತು, ಶೇಂಗಾ ಉಳಿದಿರಲಿಲ್ಲ.

ಶೇಂಗಾದ ಬಗ್ಗೆ ಒಂದು ಎಚ್ಚರಿಕೆ. ಮುಗ್ಗಲು ಹಿಡಿದ ಬೀಜ ವಿಷ. ತೊಳೆದು ಹುರಿದರೂ ಅದು ಹೋಗುವುದಿಲ್ಲ, ಆರಿಸಿ ಎಸೆಯಲೇಬೇಕು. ಮಳೆಗಾಲದಲ್ಲಿ ತಿಂಗಳ ಮಾಲು ಒಮ್ಮೆಲೇ ತರಬಾರದು. ಶೇಂಗಾ ಮೈಗಾಗದ ಮಗು ಇದೆಯಾ ಅಂತ ಮನೆಯವರನ್ನು ಮೊದಲೇ ಕೇಳಿಕೊಳ್ಳಬೇಕು.

ಅಡುಗೆಯ ಹೆಣ್ಣುಮಕ್ಕಳ ವಿಷಯವೂ ಇದೆ. ತಿಂಡಿ ಆಗಬೇಕಾದರೆ ಅವರು ಏಳಕ್ಕೇ ಬರಬೇಕು. ಆ ಎರಡು ತಾಸಿನ ಕೂಲಿ ಬೇರೆ ಕೊಡಿ. ಗ್ಯಾಸ್ ಖಾಲಿಯಾದ ದಿನಕ್ಕೆ ಹುರಿದ ಶೇಂಗಾ ಅಥವಾ ಕಡಲೆ, ಬೆಲ್ಲ, ಒಂದು ಹಣ್ಣು ಇಟ್ಟುಕೊಂಡಿದ್ದರೆ ಸಾಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ, ಬಿಸಿ ಊಟ ಆಗದ ಕಡೆ ಇದನ್ನೇ ಕೊಡಬಹುದು ಎಂದಿದೆ. ನಮ್ಮ ಅಜ್ಜಿಯಂದಿರು ಯಾವ ನೀತಿಯನ್ನೂ ಓದದೆ ಇದನ್ನು ಉಡಿಗೆ ಹಾಕಿ ಕಳಿಸುತ್ತಿದ್ದರು, ಆ ಮಾತು ಬೇರೆ.

ಮುಂದಿನ ವಾರ ಮತ್ತೆ ಸಭೆ ಇದೆ. ಪ್ರತಿ ತಿಂಡಿಯ ಮುಂದೆ ಒಂದು ಮಗುವಿನ ತೂಕ ಬರೆದು ಗೋಡೆಗೆ ಹಚ್ಚಿರಿ ಅಂತ ಕೇಳುವವಳಿದ್ದೇನೆ. ಬೇರೆ ಊರುಗಳಲ್ಲಿ ತಿಂಡಿ ಶುರು ಮಾಡುತ್ತಿರುವವರೂ ಹಾಗೇ ಮಾಡಲಿ. ನಮ್ಮ ಶಾಲೆಯ ಅಡುಗೆಮನೆಯಲ್ಲಿ ತಕ್ಕಡಿ ಇದೆ, ಅಕ್ಕಿ ಚೀಲದ ಹಿಂದೆ ಧೂಳು ತಿನ್ನುತ್ತಾ ಕೂತಿತ್ತು. ಶನಿವಾರ ಒರೆಸಿ ಹೊರಗೆ ಇಟ್ಟು ಬಂದಿದ್ದೇನೆ. ಸೆಲ್ ಹಾಕಿಸಬೇಕು.

ಇಂತಿ,
ಖಾನಾವಳಿ ನಡೆಸಿದ ಒಬ್ಬ ಅಜ್ಜಿ
ಬೆಟಗೇರಿ, ಗದಗ