ಕೊಬ್ಬರಿ ಗಿಟುಕು ಸೂಟ್‌ಕೇಸಿಗೆ ಹಾಕಬೇಡ ಕಣೋ

ಮಗಾ,

ನಿನ್ನೆ ಫೋನಿನಲ್ಲಿ ನೀನು ಓದಿದ ಪಟ್ಟಿ ಕೇಳಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. 10 ಕೆಜಿ ಅಕ್ಕಿ, ತುಪ್ಪದ ಡಬ್ಬಿ, ಒಂದು ಕಂತೆ ಕರಿಬೇವು, 12 ಕೊಬ್ಬರಿ ಗಿಟುಕು. ನೀನು ಜರ್ಮನಿಗೆ ಓದೋಕೆ ಹೋಗ್ತಿದ್ದೀಯೋ, ಮಾದಪ್ಪನ ಬೆಟ್ಟಕ್ಕೆ ಪರಸೆ ಹೋಗ್ತಿದ್ದೀಯೋ? ನಿನ್ನ ಹಾಗೇ ಪೆಟ್ಟಿಗೆ ಕಟ್ಟುತ್ತಿರುವವರು ಮಂಡ್ಯದಲ್ಲಿ ಇನ್ನೂ ನಾಲ್ಕು ಜನ ಇರಬಹುದು. ಅವರೂ ಓದಲಿ ಅಂತ ಎಲ್ಲರಿಗೂ ಕಾಣೋ ಹಾಗೆ ಬರೆಯುತ್ತಿದ್ದೇನೆ.

ಮೊದಲು ಕೊಬ್ಬರಿ ವಿಷಯ. 2023ರ ಸೆಪ್ಟೆಂಬರಿನಲ್ಲಿ ನಾನು ಹೊರಟಾಗ ಅವ್ವನೂ ಹೀಗೇ ಇಟ್ಟಿದ್ದಳು. ಜಾಗ ಉಳಿಯಲಿ ಅಂತ ನನ್ನ ಹೊಸ ಕಾಲುಚೀಲಗಳ ಒಳಗೆ ಒಂದೊಂದು ಗಿಟುಕು ತುರುಕಿದ್ದಳು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಮೆಷೀನಿನೊಳಗೆ ಹೋಯಿತು, ನನ್ನ ಹೆಸರು ಕೂಗಿದರು. ಬಿಚ್ಚಿಸಿದರು. ಆ ಭದ್ರತೆಯವರು ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತಿ ಅಲ್ಲಾಡಿಸಿ, "ಏನ್ರೀ ಇದು?" ಅಂದರು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ ಅಲ್ವಾ, ಅದು ತನ್ನಷ್ಟಕ್ಕೇ ಕಾದು ಬೆಂಕಿ ಹತ್ತಬಹುದಾದ ಸಾಮಾನಿನ ಪಟ್ಟಿಯಲ್ಲಿದೆಯಂತೆ. ಅವ್ವ ಗಾಜಿನ ಆಚೆ ನಿಂತು ಕೈ ಬೀಸುತ್ತಿದ್ದಳು. ವಾಪಸ್ ಕೊಡೋಣ ಅಂದರೆ ಆಗಲೇ ಒಳಗೆ ಬಂದಾಗಿತ್ತು. ಅಷ್ಟೂ ಗಿಟುಕನ್ನು ಅಲ್ಲಿದ್ದ ಟ್ರೇನಲ್ಲಿ ಬಿಟ್ಟು ಬಂದೆ. ಅವಳಿಗೆ ಇವತ್ತಿಗೂ ಹೇಳಿಲ್ಲ. ಅವಳು ಫೋನಿನಲ್ಲಿ ಓದೋದು ಕಡಿಮೆ, ಆ ಧೈರ್ಯದ ಮೇಲೆ ಇಲ್ಲಿ ಬರೀತಿದ್ದೀನಿ.

ತುಪ್ಪವೂ ಬೇಡ. ಯುರೋಪಿನ ಒಕ್ಕೂಟದ ಹೊರಗಿನಿಂದ ಬರುವವರು ಹಾಲು, ಹಾಲಿನಿಂದ ಮಾಡಿದ್ದು, ಮಾಂಸ ಯಾವುದನ್ನೂ ಒಯ್ಯುವಂತಿಲ್ಲ. ಅಲ್ಲಿ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪ್ಯಾಕೆಟ್ಟಿನಲ್ಲಿ ಸಿಗುತ್ತೆ. ಅದನ್ನೇ ಸಣ್ಣ ಉರಿಯಲ್ಲಿ ಕಾಯಿಸು. ನಮ್ಮನೆ ತುಪ್ಪದ ಘಮ ಬರಲ್ಲ, ಆದರೆ ಬಿಸಿ ಮುದ್ದೆ ಮೇಲೆ ಬಿದ್ದಾಗ ಮೋಸ ಇಲ್ಲ. ಹಸಿ ಕರಿಬೇವಿಗೆ ಗಿಡದ ಆರೋಗ್ಯದ ಸರ್ಟಿಫಿಕೇಟು ಕೇಳುತ್ತಾರೆ. ಅದನ್ನು ಒಗ್ಗರಣೆ ಸೊಪ್ಪಿಗೆ ಯಾರು ಮಾಡಿಸ್ತಾರೆ ಹೇಳು? ಅಕ್ಕಿ, ಬೇಳೆ ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ, ಟರ್ಕಿಯವರ ಅಂಗಡಿಯಲ್ಲಿ ಸಿಗುತ್ತವೆ. ಸಾರಿನ ಪುಡಿ ಮಾತ್ರ ಮನೆಯದೇ ಆಗಬೇಕು. ಎರಡು ಕವರ್ ಹಾಕಿ ಕಟ್ಟು, ಇಲ್ಲದಿದ್ದರೆ ಒಂದು ವರ್ಷ ನಿನ್ನ ಅಂಗಿಗಳೆಲ್ಲ ಸಾರಿನ ವಾಸನೆ ಹೊಡೆಯುತ್ತವೆ.

ಈಗ ತೂಕ. ನನ್ನ ಟಿಕೆಟ್ಟಿನಲ್ಲಿ 23 ಕೆಜಿಯ ಎರಡು ಬ್ಯಾಗು, ಕೈಯಲ್ಲಿ 7 ಕೆಜಿ ಅಂತ ಇತ್ತು. ನಿನ್ನದರಲ್ಲಿ ಎಷ್ಟಿದೆ ನೋಡಿಕೋ, ಒಂದೊಂದು ಕಂಪನಿಯದು ಒಂದೊಂದು ಥರ. ಒಂದು 26, ಇನ್ನೊಂದು 20, ಒಟ್ಟು 46 ತಾನೇ ಅಂದರೆ ನಡೆಯಲ್ಲ. ಒಂದೊಂದಕ್ಕೂ ಬೇರೆ ಲೆಕ್ಕ. ನಾನು ನಮ್ಮ ಮಾವ ಲೆಕ್ಕ ಬರೆಯುವ ಬೆಲ್ಲದ ಮಂಡಿಗೆ ಸೂಟ್‌ಕೇಸ್ ಹೊತ್ತುಕೊಂಡು ಹೋಗಿದ್ದೆ. ಅಚ್ಚು ಬೆಲ್ಲದ ಮೂಟೆಗಳ ಪಕ್ಕ ತಕ್ಕಡಿ ಮೇಲೆ ಇಟ್ಟರೆ 31 ತೋರಿಸಿತು. "ಯಾವ ಆಲೆಮನೆ ಮಾಲು ಸ್ವಾಮಿ ಇದು?" ಅಂತ ಹಮಾಲಿಗಳು ನಕ್ಕರು. ಅಲ್ಲೇ ನೆಲದ ಮೇಲೆ ಬಿಚ್ಚಿ ಎಂಟು ಕೆಜಿ ತೆಗೆದೆ. ಅದರಲ್ಲಿ ಮೂರು ಕೆಜಿ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಕೊಂಡಿದ್ದ ದಪ್ಪ ಸ್ವೆಟರ್‌ಗಳು. ಕಳೆದುಕೊಂಡಿದ್ದೇನೂ ಇಲ್ಲ. ಅಲ್ಲಿ ಮನೆಯೊಳಗೆ ಹೀಟರ್ ಇರುತ್ತೆ, ಹೊರಗೆ ಬೇಕಾಗೋದು ಗಾಳಿ ತಡೆಯುವ ಜಾಕೆಟ್ಟು. ಅದನ್ನು ಅಲ್ಲೇ ತಗೋ.

ಕಾಗದಪತ್ರ ಮಾತ್ರ ಕೈಚೀಲದಲ್ಲೇ ಇರಲಿ. ಇದನ್ನು ಹತ್ತು ಸಲ ಹೇಳಿದರೂ ಕಡಿಮೆ. ನಾನು ಜಾಣನ ಹಾಗೆ ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು ಎಲ್ಲವನ್ನೂ ದೊಡ್ಡ ಸೂಟ್‌ಕೇಸಿನ ತಳದಲ್ಲಿ ಭದ್ರವಾಗಿ ಇಟ್ಟಿದ್ದೆ. ಮಧ್ಯೆ ವಿಮಾನ ಬದಲಿಸಬೇಕಿತ್ತು. ನಾನು ಹತ್ತಿದೆ, ಸೂಟ್‌ಕೇಸ್ ಹತ್ತಲಿಲ್ಲ. ಅದು ಬಂದಿದ್ದು ಮೂರು ದಿನ ಬಿಟ್ಟು.

ನಾನು ತಲುಪಿದ್ದು ಶನಿವಾರ ರಾತ್ರಿ. ಬೆಳಿಗ್ಗೆ ಎದ್ದು ಬೀದಿಗೆ ಬಂದರೆ ಒಂದು ಅಂಗಡಿಯೂ ತೆಗೆದಿಲ್ಲ. ಬಂದ್ ಇರಬೇಕು ಅಂದುಕೊಂಡೆ, ಯಾವ ಸಂಘಟನೆಯದೋ ಅಂತ! ಜರ್ಮನಿಯಲ್ಲಿ ಭಾನುವಾರ ಅಂಗಡಿಗಳಿಗೆ ರಜೆ. ದೊಡ್ಡ ರೈಲ್ವೆ ಸ್ಟೇಷನ್ನಿನಲ್ಲಿ ತೆರೆದಿರುತ್ತವೆ ಅನ್ನೋದು ಆಮೇಲೆ ತಿಳಿಯಿತು. ಕೈಚೀಲದಲ್ಲಿ ಇದ್ದಿದ್ದು ಒಂದು ಪೇಪರ್ ಪೊಟ್ಟಣ. ಬೆಂಗಳೂರಿಗೆ ಹೋಗುವ ಹೊಸ ಹೈವೇ ಮದ್ದೂರಿನ ಒಳಗೆ ಹೋಗಲ್ಲ, ಆದರೂ ಅಪ್ಪ ಹಟ ಮಾಡಿ ಕಾರನ್ನು ಊರೊಳಕ್ಕೆ ಇಳಿಸಿ ವಡೆ ಕಟ್ಟಿಸಿದ್ದರು. ನನಗೆ ಆಗ ರೇಗಿತ್ತು. ಪೇಪರಿಗೆಲ್ಲ ಎಣ್ಣೆ ಹಿಡಿದಿತ್ತು, ವಡೆ ಮುರಿಯೋ ಬದಲು ಬಾಗುತ್ತಿತ್ತು. ಅಂಚಿನಲ್ಲಿ ಕರಿದ ಈರುಳ್ಳಿ ಮಾತ್ರ ಇನ್ನೂ ಕರುಂ ಅನ್ನುತ್ತಿತ್ತು. ಬೆಳಿಗ್ಗೆ ಎರಡು, ಸಂಜೆ ಎರಡು, ಜೊತೆಗೆ ನಲ್ಲಿ ನೀರು. ಹಾಗಾಗಿ ಮಗಾ, ಆರು ತಿಂಗಳ ಊಟ ಕಟ್ಟಬೇಡ, ಎರಡು ದಿನದ್ದು ಕಟ್ಟು. ಆ ಎರಡು ದಿನದ್ದು ಕೈಯಲ್ಲೇ ಇರಲಿ. ಪವರ್ ಬ್ಯಾಂಕೂ ಕೈಚೀಲಕ್ಕೇ, ದೊಡ್ಡ ಬ್ಯಾಗಿಗೆ ಹಾಕಿದರೆ ಮತ್ತೆ ನಿನ್ನ ಹೆಸರು ಕೂಗ್ತಾರೆ.

ಸ್ವಲ್ಪ ಯೂರೋ ನೋಟೂ ಇಟ್ಟುಕೋ. ವೀಸಾಕ್ಕೆ ಅಂತ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ಬಿಡುವ ಖಾತೆಯಲ್ಲಿ, ದುಡ್ಡು ಹಾಕಿದ್ದೀಯಲ್ಲ, 2024ರ ಸೆಪ್ಟೆಂಬರಿನಿಂದ ಅದು ವರ್ಷಕ್ಕೆ 11,904 ಯೂರೋ ಆಗಿದೆ, ಅದರಿಂದ ತಿಂಗಳಿಗೆ 992 ಕೈಗೆ ಬರೋದು ಅಲ್ಲಿ ಬ್ಯಾಂಕಿನ ಖಾತೆ ತೆಗೆದ ಮೇಲೆ. ಅಲ್ಲಿವರೆಗೆ ನೋಟೇ ಗತಿ.

ಕುಕ್ಕರ್ ತಗೊಂಡು ಹೋಗು, ಮೂರು ಲೀಟರಿನದು ಸಾಕು. ತಳ ಚಪ್ಪಟೆ ಇರಲಿ, ಇಂಡಕ್ಷನ್‌ಗೆ ಆಗುವಂಥದ್ದೇ ಇರಲಿ, ಅಲ್ಲಿ ಗ್ಯಾಸ್ ಒಲೆ ಸಿಗೋದು ಕಷ್ಟ. ಇನ್ನೊಂದು ಗ್ಯಾಸ್ಕೆಟ್ ಇಟ್ಟುಕೋ. ಭಾನುವಾರ ಮಾತ್ರ ವಿಷಲ್ ಕೂಗಿಸಬೇಡ. ಅವತ್ತು ಅಲ್ಲಿ ಗಲಾಟೆ ಮಾಡಬಾರದು, ಪಕ್ಕದ ರೂಮಿನವನು ಬಂದು ಬಾಗಿಲು ತಟ್ಟುತ್ತಾನೆ. ನನಗೆ ತಟ್ಟಿದ್ದ.

ರಾಗಿ ಹಿಟ್ಟು ನಾಲ್ಕು ಕೆಜಿ ಒಯ್ಯಿ. ದೊಡ್ಡ ಊರುಗಳಲ್ಲಿ ಸಿಗುತ್ತೆ, ಗೊತ್ತು. ಆದರೂ ಒಯ್ಯಿ. ಹಿಟ್ಟಿನ ಕೋಲೂ ಇರಲಿ, ಸೂಟ್‌ಕೇಸಿನಲ್ಲಿ ಓರೆಯಾಗಿ ಇಟ್ಟರೆ ಹಿಡಿಯುತ್ತೆ. ನಾನು ಬಿಟ್ಟು ಹೋಗಿ ಸ್ಪೂನಿನ ಹಿಂಬದಿಯಲ್ಲಿ ತಿರುವಿ ತಿರುವಿ ಮುದ್ದೆಯೆಲ್ಲ ಗಂಟು ಗಂಟು.

ಗುರುವಾರ ಸಂಜೆ ಎರಡೂ ಪೆಟ್ಟಿಗೆ ತಗೊಂಡು ಮಂಡಿ ಹತ್ತಿರ ಬಾ. ಐದು ಗಂಟೆ ಮೇಲೆ ತಕ್ಕಡಿ ಖಾಲಿ ಇರುತ್ತೆ ಅಂತ ಮಾವ ಹೇಳಿದ್ದಾರೆ. ನಿಮ್ಮವ್ವನನ್ನೂ ಕರ್ಕೊಂಡು ಬಾ, ಕೊಬ್ಬರಿ ವಿಷಯ ನಾನೇ ಹೇಳ್ತೀನಿ.

ನಿನ್ನ ಗೆಳೆಯ